ಹತ್ತೂರ ಜನರ ಒಂದು ಪೇಟೆ: ಕೋಬೆಯ ಕಿತಾನೊ



ಜಪಾನಿನಲ್ಲಿ ಭಾರತೀಯರು ಎಲ್ಲಿದ್ದಾರೆ ಎಂದು ಇಂದು ಯಾರನ್ನು ಕೇಳಿದರೂ ಟೋಕಿಯೊದ ನಿಶಿ-ಕಸಾಯ್ ಕಡೆ ಬೆರಳು ತೋರಿಸುತ್ತಾರೆ. ತೊಗರಿಬೇಳೆ, ಹುಣಿಸೆಹಣ್ಣು, ಭಾರತೀಯ ಶಾಲೆ, ಎಲ್ಲವೂ ಅಲ್ಲಿ ಕೈಗೆಟಕುವ ದೂರದಲ್ಲಿವೆ. ಆದರೆ ನಿಶಿ-ಕಸಾಯ್ ಕಥೆ ತೀರ ಇತ್ತೀಚಿನದು. 2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮವರಿಂದ ಶುರುವಾದದ್ದು. ಅದಕ್ಕಿಂತ ನೂರು ವರ್ಷ ಮೊದಲೇ ಈ ದೇಶದಲ್ಲಿ ಭಾರತೀಯರ ಮನೆಗಳಿದ್ದವು, ಅಂಗಡಿಗಳಿದ್ದವು. ಮೊದಲು ಯೊಕೊಹಾಮಾದಲ್ಲಿ, ಆಮೇಲೆ ಕೋಬೆಯಲ್ಲಿ. ಕೋಬೆ ಎಂದರೆ ನಮ್ಮ ಸಸ್ಯಾಹಾರಿ ಮಿತ್ರರು ಅಲ್ಲಿನ ದನದ ಮಾಂಸದ ಹೆಸರು ಕೇಳಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ! ಇರಲಿ, ಈ ಸಲ ಹೇಳಹೊರಟಿರುವುದು ಆ ಊರಿನ ಬೆಟ್ಟದ ತಪ್ಪಲಲ್ಲಿರುವ ಕಿತಾನೊ-ಚೊ ಎಂಬ ಪುಟ್ಟ ಪೇಟೆಯ ಕಥೆ. ಜಪಾನಿ ಭಾಷೆಯ 'ಚೊ' ನಮ್ಮ 'ಪೇಟೆ'ಗೆ ಹತ್ತಿರದ ಮಾತು ಎಂದುಕೊಳ್ಳಿ.

ಸನ್ನೊಮಿಯಾ ಸ್ಟೇಷನ್ನಿನಿಂದ ಉತ್ತರಕ್ಕೆ ಕಾಲು ಗಂಟೆ ಏರುಹಾದಿಯಲ್ಲಿ ನಡೆದರೆ ಕಿತಾನೊ ಸಿಗುತ್ತದೆ. ಬೆನ್ನಿಗೆ ರೊಕ್ಕೊ ಪರ್ವತ, ಎದುರಿಗೆ ಸಮುದ್ರ, ನಡುವೆ ಕಿರಿದಾದ ನೆಲ. ಕಾರವಾರದ ಕಡೆಯವರಿಗೆ ಈ ನೋಟ ಹೊಸದೆನ್ನಿಸುವುದಿಲ್ಲ. ಪೇಟೆಗೆ ಹೆಸರು ಬಂದದ್ದು ಅಲ್ಲಿರುವ ಕಿತಾನೊ ತೆನ್‌ಮನ್ ಎಂಬ ಶಿಂಟೋ ಗುಡಿಯಿಂದ. 1180ರಲ್ಲಿ ತಾಯ್ರಾ ನೊ ಕಿಯೊಮೊರಿ ಎಂಬ ಪ್ರಬಲ ನಾಯಕ ರಾಜಧಾನಿಯನ್ನು ಈ ಕಡೆಗೆ ತಂದಾಗ ಆ ಗುಡಿ ಕಟ್ಟಿಸಿದನೆಂಬುದು ಪ್ರತೀತಿ. ಆ ಗುಡಿಯ ಸುತ್ತ ನಡೆದುಹೋಗುವ ದೂರದಲ್ಲೇ ಒಂದು ಮಸೀದಿ, ಒಂದು ಜೈನ ಮಂದಿರ, ಒಂದು ಯಹೂದಿ ಪ್ರಾರ್ಥನಾ ಮಂದಿರ, ಹಲವು ಇಗರ್ಜಿಗಳು; ಸ್ವಲ್ಪ ಪೂರ್ವಕ್ಕೆ ಗುರುದ್ವಾರ, ಸ್ವಲ್ಪ ಪಶ್ಚಿಮಕ್ಕೆ ಚೀನೀಯರ ಗುವಾನ್ ದೇವರ ಗುಡಿ. ಜಪಾನಿನಂಥ ದೇಶದಲ್ಲಿ ಇಷ್ಟೆಲ್ಲ ಒಂದೇ ಕಡೆ ಹೇಗೆ ಸೇರಿಕೊಂಡವು?

ವೈದ್ಯರು ರೋಗಿಯನ್ನು ಮುಟ್ಟಿ ನೋಡುವ ಮೊದಲು 'ಹಿಸ್ಟರಿ' ಕೇಳುತ್ತಾರೆ. ಎಲ್ಲಿಂದ ಬಂದಿರಿ, ಎಷ್ಟು ದಿನವಾಯಿತು, ಮನೆಯಲ್ಲಿ ಯಾರ್ಯಾರಿದ್ದಾರೆ? ಊರಿಗೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಯಾರು ಬಂದರು, ಏಕೆ ಬಂದರು, ಏಕೆ ಹೋದರು, ಹೋದ ಮೇಲೆ ಏನು ಉಳಿಯಿತು?

ಬಂದರು ತೆರೆದದ್ದು

1868ರ ಜನವರಿ 1ರಂದು ಹ್ಯೋಗೊ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಹಳೆಯ ಹ್ಯೋಗೊ ಪಟ್ಟಣದ ಪಕ್ಕದ ಕೋಬೆ ಎಂಬ ಹಳ್ಳಿಯಲ್ಲಿ ವಿದೇಶೀಯರಿಗೆಂದು ಜಾಗ ಗುರುತಿಸಿದರು. ಜಾನ್ ವಿಲಿಯಂ ಹಾರ್ಟ್ ಎಂಬ ಬ್ರಿಟಿಷ್ ಇಂಜಿನಿಯರು ಅದನ್ನು 126 ನಿವೇಶನಗಳಾಗಿ ವಿಂಗಡಿಸಿ, ನೇರವಾದ ಬೀದಿ, ಚರಂಡಿ, ಸಾಲುಮರ ಎಲ್ಲವನ್ನೂ ಯೋಜಿಸಿದ. ಆದರೆ ಬಂದರು ತೆರೆದ ದಿನ ಆ ಬಡಾವಣೆ ಸಿದ್ಧವಾಗಿರಲಿಲ್ಲ. ಹಡಗಿನಿಂದ ಇಳಿದವರು ಇರುವುದೆಲ್ಲಿ? ಹಾಗಾಗಿ ಪೂರ್ವದ ಇಕುತಾ ಹೊಳೆಯಿಂದ ಪಶ್ಚಿಮದ ಉಜಿ ಹೊಳೆಯವರೆಗೆ, ಕಡಲಿನಿಂದ ಬೆಟ್ಟದವರೆಗೆ, ಜಪಾನೀಯರ ನಡುವೆಯೇ ಮನೆ ಬಾಡಿಗೆಗೆ ಹಿಡಿಯಲು ಸರ್ಕಾರ ಅನುಮತಿ ಕೊಟ್ಟಿತು. ಕಾಮಗಾರಿ ತಡವಾದದ್ದರ ಫಲ ನೋಡಿ! ಬೇರೆ ಬಂದರುಗಳಲ್ಲಿ ವಿದೇಶೀಯರು ಹೆಚ್ಚಾಗಿ ತಮಗೆಂದು ಗುರುತಿಸಿದ ಜಾಗದಲ್ಲಿದ್ದರೆ, ಇಲ್ಲಿ ಮೊದಲ ದಿನದಿಂದಲೇ ಅಕ್ಕಪಕ್ಕದ ಮನೆಯವರಾದರು. ಕಿತಾನೊ ಈ 'ಕೂಡುವಾಸ'ದ ಪ್ರದೇಶದ ಮೇಲಂಚು.

ಚೀನೀಯರ ಪರಿಸ್ಥಿತಿ ಇನ್ನೂ ಬೇರೆ. ಆಗ ಜಪಾನ್-ಚೀನಾ ನಡುವೆ ಒಪ್ಪಂದವೇ ಇರಲಿಲ್ಲ, ಅದಾದದ್ದು 1871ರಲ್ಲಿ. ಹಾಗಾಗಿ ವಿದೇಶಿ ಬಡಾವಣೆಯೊಳಗೆ ಅವರಿಗೆ ಜಾಗವಿರಲಿಲ್ಲ. ಅವರು ಅದರ ಪಶ್ಚಿಮದ ಗಡಿಗೆ ಅಂಟಿಕೊಂಡು ನೆಲೆಸಿದರು. ಅದೇ ಇಂದಿನ ನಾನ್‌ಕಿನ್‌ಮಾಚಿ. 1899ರಲ್ಲಿ ಚೀನೀಯರು ತಮ್ಮ ಮಕ್ಕಳಿಗೆಂದು ಶಾಲೆ ಕಟ್ಟಿಕೊಂಡರು. ಅದು ಇಂದಿಗೂ ನಡೆಯುತ್ತಿದೆ. 1924ರ ನವೆಂಬರಿನಲ್ಲಿ ಸನ್ ಯಾತ್-ಸೆನ್ ಏಷ್ಯಾದ ಒಗ್ಗಟ್ಟಿನ ಬಗ್ಗೆ ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದು ಈ ಕೋಬೆಯಲ್ಲೇ.

ವಿದೇಶಿ ಬಡಾವಣೆಯ ಪ್ರತ್ಯೇಕ ಆಡಳಿತ 1899ರ ಜುಲೈ 17ರಂದು ಮುಗಿದು ಅದು ಜಪಾನಿಗೆ ಹಿಂದಿರುಗಿತು. ಆ ಹೊತ್ತಿಗೆ ಕೆಳಗಿನ ಬಡಾವಣೆಯಲ್ಲಿ ಕಛೇರಿ, ಮೇಲಿನ ಬೆಟ್ಟದಲ್ಲಿ ಮನೆ ಎಂಬ ಪದ್ಧತಿ ಬೆಳೆದಿತ್ತು. ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ, ಮಾಡಿನ ಮೇಲೆ ಹುಂಜದ ಆಕಾರದ ಗಾಳಿಸೂಚಿ ಇರುವ ಇಟ್ಟಿಗೆಯ ಮನೆ, ಥಾಮಸ್ ಎಂಬ ಜರ್ಮನ್ ವರ್ತಕ 1909ರ ಸುಮಾರಿಗೆ ಕಟ್ಟಿಸಿದ್ದು.

ಹತ್ತಿಯ ಹಡಗು, ಬೆಂಕಿಪೊಟ್ಟಣ

ಭಾರತೀಯರನ್ನು ಕೋಬೆಗೆ ತಂದದ್ದು ಹತ್ತಿ. ಒಸಾಕಾದ ನೂಲಿನ ಗಿರಣಿಗಳಿಗೆ ಭಾರತದ ಹತ್ತಿ ಬೇಕಿತ್ತು. ಹಡಗು ಸಾಗಣೆ ಮಾತ್ರ ಬ್ರಿಟಿಷರ ಪಿ ಅಂಡ್ ಓ ಕಂಪನಿಯ ಮುಷ್ಟಿಯಲ್ಲಿದ್ದು ಬಾಡಿಗೆ ದುಬಾರಿಯಾಗಿತ್ತು. 1893ರಲ್ಲಿ ಜಮ್‌ಸೇಟ್‌ಜಿ ಟಾಟಾ ಜಪಾನಿಗೆ ಬಂದು ಇಲ್ಲಿನ ನಿಪ್ಪೋನ್ ಯೂಸೆನ್ ಕಂಪನಿಯೊಡನೆ ಕೈಜೋಡಿಸಿದರು. ಆ ವರ್ಷದ ನವೆಂಬರ್ 7ರಂದು 'ಹಿರೋಶಿಮಾ ಮಾರು' ಎಂಬ ಹಡಗು ಕೋಬೆಯಿಂದ ಬೊಂಬಾಯಿಗೆ ಹೊರಟಿತು. ಜಪಾನಿನ ಮೊದಲ ದೂರದ ನಿಯತ ಹಡಗುಮಾರ್ಗ ಅದು. ಅದೇ ವರ್ಷ ಚಿಕಾಗೋಗೆ ಹೊರಟಿದ್ದ ಸ್ವಾಮಿ ವಿವೇಕಾನಂದರು ಕೋಬೆಯಲ್ಲಿ ಹಡಗಿಳಿದು, ಒಸಾಕಾ, ಕ್ಯೋತೊ, ಟೋಕಿಯೊ ನೋಡಿಕೊಂಡು ನೆಲದ ಹಾದಿಯಲ್ಲಿ ಯೊಕೊಹಾಮಾ ಸೇರಿದರು. ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಯೊಕೊಹಾಮಾದಿಂದ ಮುಂದಕ್ಕೆ ಅದೇ ಹಡಗಿನಲ್ಲಿ ಟಾಟಾ ಅವರೂ ಇದ್ದರೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರುವ ಸಂಗತಿ.

ಟಾಟಾ ಇಲ್ಲಿ ಕಂಡದ್ದರ ಫಲ ಕನ್ನಡ ನಾಡಿಗೂ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಬಸವನಗುಡಿಯ ಬಳಿ ಅವರು ರೇಷ್ಮೆ ಫಾರಂ ತೆಗೆದು, ಜಪಾನಿನ ತಜ್ಞರನ್ನು ಕರೆಸಿ ಇಲ್ಲಿನ ಪದ್ಧತಿಯನ್ನು ಕಲಿಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಆ ಜಾಗಕ್ಕೆ ಉಳಿದೇ ಬಿಟ್ಟಿದೆ. 1898ರಲ್ಲಿ ಎಂ. ವಿಶ್ವೇಶ್ವರಯ್ಯನವರೂ ಜಪಾನನ್ನು ನೋಡಿಹೋದರು.

ಕೋಬೆಗೆ ಬಂದು ನಿಂತ ಭಾರತೀಯರಲ್ಲಿ ಕನ್ನಡಿಗರು ಎಂದು ಹೇಳಿಕೊಳ್ಳುವಷ್ಟು ಜನ ಇರಲಿಲ್ಲ. ಪಾರ್ಸಿಗಳು, ಬೋಹ್ರಾಗಳು, ಗುಜರಾತಿಗಳು, ಸಿಂಧಿಗಳು. ಹತ್ತಿ ಇಳಿಸಿ ಬಟ್ಟೆ, ರೇಷ್ಮೆ ಏರಿಸುವುದು ಅವರ ವ್ಯಾಪಾರ. ಜೊತೆಗೆ ಬೆಂಕಿಪೊಟ್ಟಣ! ನಮ್ಮ ಅಜ್ಜ-ಮುತ್ತಜ್ಜಂದಿರ ಕಾಲದಲ್ಲಿ ಒಲೆ ಹಚ್ಚಲು ಬಳಸುತ್ತಿದ್ದ ಕಡ್ಡಿ ಬಹುಮಟ್ಟಿಗೆ ಜಪಾನಿನದು. ಕೋಬೆ ಆ ಉದ್ಯಮದ ಕೇಂದ್ರ. ಭಾರತಕ್ಕೆ ಹೋಗುವ ಪೊಟ್ಟಣಗಳ ಚೀಟಿಯ ಮೇಲೆ ನಮ್ಮ ದೇವರ ಚಿತ್ರಗಳನ್ನೇ ಅಚ್ಚು ಹಾಕುತ್ತಿದ್ದರು. 1920ರ ದಶಕದಲ್ಲಿ ಭಾರತ ಸರ್ಕಾರ ಆಮದು ಸುಂಕ ಏರಿಸಿದ ಮೇಲೆ ಶಿವಕಾಶಿ ತಲೆಯೆತ್ತಿತು, ಕೋಬೆಯ ಕಡ್ಡಿ ಮರೆಯಾಯಿತು.

ಹಡಗಿನ ಜೊತೆ ಬಂದದ್ದು ಸರಕು ಮಾತ್ರವಲ್ಲ ಎಂದು ವೈದ್ಯನಾದ ನಾನು ಇಲ್ಲಿ ಒಂದು ಮಾತು ಸೇರಿಸಲೇಬೇಕು. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಬೊಂಬಾಯಿ, 1898ರಲ್ಲಿ ಬೆಂಗಳೂರು. ಹೀಗೆ ಹಬ್ಬಿದ ಪ್ಲೇಗು 1899ರ ನವೆಂಬರಿನಲ್ಲಿ ಕೋಬೆಯಲ್ಲಿ ಕಾಣಿಸಿಕೊಂಡಿತು. ಬೆಂಗಳೂರಿನಲ್ಲಿ ಪ್ಲೇಗಿನ ಭಯ ಮಲ್ಲೇಶ್ವರ, ಬಸವನಗುಡಿ ಎಂಬ ಗಾಳಿ-ಬೆಳಕಿನ ಬಡಾವಣೆಗಳನ್ನು ಬೆಳೆಸಿತು, ಪ್ಲೇಗಿನ ಅಮ್ಮನ ಗುಡಿಗಳನ್ನೂ ಕಟ್ಟಿಸಿತು. ಜಪಾನಿನಲ್ಲಿ ಇಲಿ ಹಿಡಿದು ತಂದವರಿಗೆ ಸರ್ಕಾರ ದುಡ್ಡು ಕೊಡಲು ಶುರುಮಾಡಿತು. ಬಂದರಿನ ಬಾಗಿಲು ತೆರೆದವರು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೇ ಒಳಗೆ ಬಿಟ್ಟುಕೊಳ್ಳಬೇಕಾಗುತ್ತದೆ. ಆಮೇಲೆ ಸಂಭಾಳಿಸುವುದೇ ಊರಿನ ಕೆಲಸ.

ಒಂದು ಭೂಕಂಪ ತಂದವರು

1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನಕ್ಕೆ ಎರಡು ನಿಮಿಷವಿದ್ದಾಗ ಕಾಂತೊ ಪ್ರದೇಶ ನಡುಗಿತು. ಯೊಕೊಹಾಮಾ ಸುಟ್ಟು ಬೂದಿಯಾಯಿತು. ಅಲ್ಲಿನ ರೇಷ್ಮೆ ವ್ಯಾಪಾರದ ಸಿಂಧಿಗಳು ಅಂಗಡಿಯನ್ನೂ ಬಂಧುಗಳನ್ನೂ ಕಳೆದುಕೊಂಡರು. ಉಳಿದವರಲ್ಲಿ ಹೆಚ್ಚಿನವರು ಕೋಬೆಗೆ ಬಂದರು. ಆ ದಿನಗಳಲ್ಲಿ ತಮಗೆ ನೆರವಾದ ಯೊಕೊಹಾಮಾ ನಾಗರಿಕರ ನೆನಪಿಗೆ, ಮಡಿದ ತಮ್ಮವರ ನೆನಪಿಗೆ, ಭಾರತೀಯರು ಮುಂದೆ ಯಾಮಾಶಿತಾ ಪಾರ್ಕಿನಲ್ಲಿ ಒಂದು ನೀರಿನ ಮಂಟಪ ಕಟ್ಟಿಸಿಕೊಟ್ಟರು. ಚಿಕ್ಕ ಗುಮ್ಮಟದ ಆ ಮಂಟಪ ಇಂದಿಗೂ ಇದೆ.

ಅದೇ ಭೂಕಂಪ ಕಾರ್ಲ್ ಯೂಹೈಮ್ ಎಂಬ ಜರ್ಮನ್ ಮಿಠಾಯಿಗಾರನನ್ನೂ ಕೋಬೆಗೆ ತಂದಿತು. ಅವನ ಕಥೆ ಸ್ವಾರಸ್ಯದ್ದು. ಮೊದಲ ಮಹಾಯುದ್ಧದಲ್ಲಿ ಚೀನಾದ ಚಿಂಗ್‌ಟಾವ್‌ನಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕಿ, 1919ರಲ್ಲಿ ಹಿರೋಶಿಮಾದ ಪ್ರದರ್ಶನವೊಂದರಲ್ಲಿ ಬೌಮ್‌ಕೂಹೆನ್ ಎಂಬ ಸುರುಳಿ ಕೇಕನ್ನು ಮಾಡಿ ಮಾರಿದ. ಬಿಡುಗಡೆಯಾದ ಮೇಲೆ ಯೊಕೊಹಾಮಾದಲ್ಲಿ ಅಂಗಡಿ ತೆರೆದ; ಭೂಕಂಪದಲ್ಲಿ ಅದು ಹೋಯಿತು. ಕೋಬೆಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ. ಇಂದು ನಾವು ಮದುವೆ-ಮುಂಜಿಗಳಿಗೆ ಜಪಾನಿ ಸ್ನೇಹಿತರಿಂದ ಉಡುಗೊರೆಯಾಗಿ ಪಡೆಯುವ ಆ ಕೇಕಿನ ಹಿಂದೆ ಒಬ್ಬ ಯುದ್ಧಕೈದಿಯ ಬದುಕಿದೆ.

ಇನ್ನೊಂದು ದಿಕ್ಕಿನಿಂದ ರಷ್ಯದ ಕ್ರಾಂತಿ ಜನರನ್ನು ತಳ್ಳಿತು. 1917ರ ನಂತರ ಬಿಳಿ ರಷ್ಯನ್ನರು, ವೋಲ್ಗಾ ನದಿಯ ಕಡೆಯ ತಾತಾರ್ ಮುಸ್ಲಿಮರು ಮಂಚೂರಿಯಾ ದಾಟಿ ಇಲ್ಲಿಗೆ ಬಂದರು. 1926ರಲ್ಲಿ ಮೊರೊಜೊಫ್ ಎಂಬ ರಷ್ಯನ್ ಕುಟುಂಬ ಕೋಬೆಯಲ್ಲಿ ಚಾಕೊಲೇಟ್ ಅಂಗಡಿ ಇಟ್ಟಿತು. ಫೆಬ್ರವರಿ 14ರಂದು ಚಾಕೊಲೇಟ್ ಕೊಡಿ ಎಂದು 1936ರಲ್ಲಿ ಜಾಹೀರಾತು ಹಾಕಿದ್ದು ಆ ಹೆಸರಿನ ಕಂಪನಿ. ನಮ್ಮ ಮಕ್ಕಳು ಶಾಲೆಯಿಂದ ತರುವ ವ್ಯಾಲೆಂಟೈನ್ ಚಾಕೊಲೇಟಿನ ಮೂಲ ಇಲ್ಲಿದೆ.

ಈ ಕೂಡುಬಾಳ್ವೆಯ ದೊಡ್ಡ ಗುರುತೆಂದರೆ 1935ರಲ್ಲಿ ತೆರೆದ ಕೋಬೆ ಮಸೀದಿ, ಜಪಾನಿನ ಮೊದಲನೆಯದು. 1928ರಿಂದ ಚಂದಾ ಎತ್ತಿದರು. ಹಣದಲ್ಲಿ ದೊಡ್ಡ ಪಾಲು ಭಾರತೀಯ ಮುಸ್ಲಿಂ ವರ್ತಕರದು, ನಮಾಜಿಗೆ ಬರುವವರಲ್ಲಿ ತಾತಾರರೂ ಇದ್ದರು, ನಕ್ಷೆ ಬರೆದವರು ಯಾನ್ ಶ್ವಾಗ್ರ್ ಎಂಬ ಜೆಕ್ ವಾಸ್ತುಶಿಲ್ಪಿ, ಕಟ್ಟಿದ್ದು ತಾಕೆನಾಕಾ ಎಂಬ ಜಪಾನಿ ಕಂಪನಿ. ಯಾರೊಬ್ಬರೇ ಹೊರಟಿದ್ದರೂ ಆ ಕಟ್ಟಡ ಏಳುತ್ತಿರಲಿಲ್ಲ.

ಸ್ವಾತಂತ್ರ್ಯ ಹೋರಾಟದ ಒಂದು ಎಳೆಯೂ ಇಲ್ಲಿ ಹಾದುಹೋಗಿದೆ. ಬಿಹಾರದ ಆನಂದ ಮೋಹನ ಸಹಾಯ್ ಕೋಬೆಯಲ್ಲಿದ್ದುಕೊಂಡು ಕಾಂಗ್ರೆಸ್ಸಿನ ಕೆಲಸ ನಡೆಸಿದರು. ಮುಂದೆ ನೇತಾಜಿಯವರ ಆಜಾದ್ ಹಿಂದ್ ಸರ್ಕಾರದಲ್ಲಿ ಮುಖ್ಯ ಹೊಣೆ ಹೊತ್ತರು. ಕೋಬೆಯಲ್ಲೇ ಹುಟ್ಟಿ ಬೆಳೆದ ಅವರ ಮಗಳು ಆಶಾ ಹದಿಹರೆಯದಲ್ಲೇ ಝಾನ್ಸಿ ರಾಣಿ ಪಡೆಗೆ ಸೇರಿದರು. ಜಪಾನಿನಲ್ಲಿ ಹುಟ್ಟಿದ ಭಾರತೀಯ ಮಕ್ಕಳು ನಮ್ಮ ಮನೆಗಳಲ್ಲೇ ಮೊದಲು ಎಂದು ತಿಳಿದವರಿಗೆ ಈ ಮಾತು.

ಯುದ್ಧ ಒಯ್ದವರು

1940ರ ಬೇಸಿಗೆಯಲ್ಲಿ ಲಿಥುವೇನಿಯಾದ ಕೌನಸ್‌ನಲ್ಲಿದ್ದ ಜಪಾನಿ ರಾಜತಾಂತ್ರಿಕ ಚಿಯುನೆ ಸುಗಿಹಾರಾ ಸಾವಿರಾರು ಯಹೂದಿಗಳಿಗೆ ವೀಸಾ ಬರೆದುಕೊಟ್ಟದ್ದು ಈಗ ಲೋಕಪ್ರಸಿದ್ಧ. ಆ ಚೀಟಿ ಹಿಡಿದು ಸೈಬೀರಿಯಾ ದಾಟಿ, ತ್ಸುರುಗಾ ಬಂದರಿನಲ್ಲಿಳಿದು ಅವರು ಬಂದದ್ದು ಕೋಬೆಗೆ. ಅಲ್ಲಿ ಆಗಲೇ ಇದ್ದ ಚಿಕ್ಕ ಯಹೂದಿ ಸಮಾಜ ಕಿತಾನೊ ಸುತ್ತಮುತ್ತ ಮನೆ ಹಿಡಿದು ಅವರನ್ನು ಇರಿಸಿತು. ಮುಂದಿನ ದೇಶದ ವೀಸಾ ಸಿಕ್ಕವರು ಹೊರಟರು; ಸಿಗದವರನ್ನು 1941ರಲ್ಲಿ ಶಾಂಘೈಗೆ ಕಳುಹಿಸಿದರು. ಒಂದು ಊರು ಮೊದಲೇ ಬಂದವರಿಂದ ಆಮೇಲೆ ಬಂದವರಿಗೆ ಹೇಗೆ ಆಸರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಅದೇ 1941ರ ಜುಲೈನಲ್ಲಿ ಎರಡೂ ಕಡೆಯ ಸರ್ಕಾರಗಳು ಪರಸ್ಪರರ ಆಸ್ತಿಗಳನ್ನು ತಡೆಹಿಡಿದವು. ಭಾರತೀಯರು ಕಾಗದದ ಮೇಲೆ ಬ್ರಿಟಿಷ್ ಪ್ರಜೆಗಳು. ವ್ಯಾಪಾರ ನಿಂತಿತು, ಅನೇಕರು ಊರಿಗೆ ಮರಳಿದರು. 1943ರಲ್ಲಿ ನೌಕಾಪಡೆ ಮಸೀದಿಯನ್ನು ವಶಪಡಿಸಿಕೊಂಡಿತು. 1945ರ ಮಾರ್ಚ್ 17 ಮತ್ತು ಜೂನ್ 5ರ ಬಾಂಬು ದಾಳಿಗಳಲ್ಲಿ ಕೋಬೆ ಸುಟ್ಟುಹೋಯಿತು. ನಮ್ಮ ಮಕ್ಕಳು ನೋಡಿ ಅತ್ತ 'ಮಿಂಚುಹುಳಗಳ ಸಮಾಧಿ' ಎಂಬ ಕಾರ್ಟೂನ್ ಚಿತ್ರ ಆ ದಿನಗಳದೇ. ಯುದ್ಧಕ್ಕೆ ಮೊದಲು ಹತ್ತು ಲಕ್ಷದ ಹತ್ತಿರವಿದ್ದ ಊರಿನ ಜನಸಂಖ್ಯೆ 1945ರಲ್ಲಿ ನಾಲ್ಕು ಲಕ್ಷಕ್ಕಿಂತ ಕೆಳಗಿಳಿಯಿತು. ಮಸೀದಿ ಮಾತ್ರ ಹೊಗೆ ಹಿಡಿದ ಗೋಡೆಗಳೊಂದಿಗೆ ನಿಂತಿತ್ತು. ಮಿಠಾಯಿಗಾರ ಯೂಹೈಮ್ ತೀರಿಕೊಂಡದ್ದು 1945ರ ಆಗಸ್ಟ್ 14ರಂದು, ಶರಣಾಗತಿ ಸಾರುವ ಹಿಂದಿನ ದಿನ.

ಎರಡನೆಯ ಕಾರಣ

ಯುದ್ಧದ ನಂತರ ಸಿಂಧಿ ವರ್ತಕರು ಮರಳಿ ಬಂದರು. ಆದರೆ ಹಿಂದೆ ಬಂದ ರೀತಿಗೂ ಈಗ ಬಂದದ್ದಕ್ಕೂ ವ್ಯತ್ಯಾಸವಿತ್ತು. ಮೊದಲು ಗಂಡಸರು ಕೆಲವು ವರ್ಷ ಅಂಗಡಿಯಲ್ಲಿ ದುಡಿದು, ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿರುವ ಹೆಂಡತಿ-ಮಕ್ಕಳ ಬಳಿಗೆ ಹೋಗಿಬರುವುದು ಪದ್ಧತಿ. 1947ರಲ್ಲಿ ದೇಶ ಒಡೆದಾಗ ಆ ಊರೇ ಅವರದಾಗಿ ಉಳಿಯಲಿಲ್ಲ. ಹೋಗಲು ಮನೆಯಿಲ್ಲದವರು ಸಂಸಾರವನ್ನೇ ಇಲ್ಲಿಗೆ ಕರೆತಂದರು. ಅಲ್ಲಿಯವರೆಗೆ ಅಂಗಡಿಯಾಗಿದ್ದ ಕೋಬೆ ಆಗ ಮನೆಯಾಯಿತು. 1952ರಲ್ಲಿ ಭಾರತ ಜಪಾನಿನೊಡನೆ ಪ್ರತ್ಯೇಕವಾಗಿ ಶಾಂತಿ ಒಪ್ಪಂದ ಮಾಡಿಕೊಂಡದ್ದೂ ಅನುಕೂಲವಾಯಿತು. ಬಟ್ಟೆ ಹೋಗಿ ಟ್ರಾನ್ಸಿಸ್ಟರ್, ರೇಡಿಯೋಗಳ ರಫ್ತು ಬಂತು.

ಗುಜರಾತಿ ಜೈನರು ಹಿಡಿದದ್ದು ಮುತ್ತಿನ ವ್ಯಾಪಾರ. ಕೋಬೆ ಜಪಾನಿನ ಮುತ್ತಿನ ಪೇಟೆಯಾದದ್ದಕ್ಕೆ ಒಂದು ಚೆಂದದ ಕಾರಣವಿದೆ. ಮುತ್ತಿನ ಬಣ್ಣ-ಹೊಳಪು ನೋಡಿ ಬೇರ್ಪಡಿಸಲು ನೇರ ಬಿಸಿಲು ಆಗದು. ಉತ್ತರದಿಂದ ಬರುವ ಹದವಾದ ಬೆಳಕು ಬೇಕು. ರೊಕ್ಕೊ ಬೆಟ್ಟದ ಹಸಿರಿನ ಕಡೆಯಿಂದ ಕಿತಾನೊ ಕಿಟಕಿಗಳಿಗೆ ಬೀಳುವುದು ಅದೇ ಬೆಳಕು. ಆ ಜೈನ ಕುಟುಂಬಗಳು 1985ರಲ್ಲಿ ಬಿಳಿ ಅಮೃತಶಿಲೆಯ ಮಹಾವೀರ ಮಂದಿರ ಕಟ್ಟಿದರು. ಶ್ರವಣಬೆಳಗೊಳದ ಕರಿಬಂಡೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಅದು ಬೇರೆಯೇ ಸೊಬಗು. ಯಹೂದಿಗಳ ಈಗಿನ ಪ್ರಾರ್ಥನಾ ಮಂದಿರ 1970ರದು.

ತಾತಾರರ ಕಥೆ ಬೇರೆಯಾಯಿತು. 1950ರ ದಶಕದಲ್ಲಿ ಟರ್ಕಿ ಅವರಿಗೆ ಪೌರತ್ವ ಕೊಟ್ಟಾಗ ಹೆಚ್ಚಿನವರು ಅಲ್ಲಿಗೋ ಅಮೆರಿಕಕ್ಕೋ ಹೊರಟುಹೋದರು. ಅವರು ಬಿಟ್ಟುಹೋದ ಮಸೀದಿಯಲ್ಲಿ ಇಂದು ಪಾಕಿಸ್ತಾನದವರು, ಬಾಂಗ್ಲಾದವರು, ಇಂಡೊನೇಷ್ಯಾದವರು ನಮಾಜು ಮಾಡುತ್ತಾರೆ. ಯುರೋಪಿನವರ ಮನೆಗಳೂ ಒಂದೊಂದಾಗಿ ಖಾಲಿಯಾದವು; ಎಷ್ಟೋ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. 1977ರಲ್ಲಿ ಆ ಹುಂಜದ ಗಾಳಿಸೂಚಿಯ ಹೆಸರಿನಲ್ಲೇ ಎನ್.ಎಚ್.ಕೆ. ದೂರದರ್ಶನ ಧಾರಾವಾಹಿ ಬಂದಾಗ ಜಪಾನೀಯರು ಹಿಂಡುಹಿಂಡಾಗಿ ನೋಡಲು ಬಂದರು. 1980ರಲ್ಲಿ ಕಿತಾನೊವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಮನೆಗಳು ಉಳಿದವು, ಆದರೆ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಈಗ ಸಂಸಾರವಿಲ್ಲ, ಟಿಕೆಟ್ ಕೌಂಟರ್ ಇದೆ.

ಬೆಟ್ಟದ ಮೇಲಿನ ಈ ಅಂದದ ಕಥೆಯ ಜೊತೆ ಕೆಳಗಿನ ನಗಾತಾ ವಾರ್ಡಿನ ಕಥೆಯನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಕೋಬೆಯ ವಿದೇಶೀಯರಲ್ಲಿ ಬಹುಕಾಲ ದೊಡ್ಡ ಸಂಖ್ಯೆ ಕೊರಿಯನ್ನರದು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿದ ಮೇಲೆ ಕೂಲಿಗೆ ಬಂದವರು, ನಗಾತಾದ ರಬ್ಬರು, ಚಪ್ಪಲಿ ಕಾರ್ಖಾನೆಗಳಲ್ಲಿ ದುಡಿದವರು. 1952ರಲ್ಲಿ ಅವರ ಜಪಾನಿ ಪೌರತ್ವ ಒಂದೇ ಏಟಿಗೆ ಹೋಯಿತು; ಇಲ್ಲೇ ಹುಟ್ಟಿದವರೂ ವಿದೇಶೀಯರಾದರು. ಅದೇ ಕಾರ್ಖಾನೆಗಳಿಗೆ 1980ರ ದಶಕದಲ್ಲಿ ವಿಯೆಟ್ನಾಂ ನಿರಾಶ್ರಿತರು ಬಂದು ಸೇರಿದರು.

1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿ 6,434 ಜನ ಸತ್ತರು. ನಗಾತಾ ಹೊತ್ತಿ ಉರಿಯಿತು. ಇಲ್ಲಿ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1923ರಲ್ಲಿ ಕೊರಿಯನ್ನರು ಬಾವಿಗೆ ವಿಷ ಹಾಕಿದರೆಂಬ ಸುಳ್ಳು ಸುದ್ದಿ ಹಬ್ಬಿ, ಗುಂಪುಗಳು ಸಾವಿರಾರು ಅಮಾಯಕರನ್ನು ಕೊಂದವು. 1995ರ ಕೋಬೆಯಲ್ಲಿ ಅಂಥದ್ದು ನಡೆಯಲಿಲ್ಲ. ಜಪಾನೀಯರು, ಕೊರಿಯನ್ನರು, ವಿಯೆಟ್ನಾಮಿಗಳು ಒಂದೇ ಬಯಲಿನಲ್ಲಿ ಒಂದೇ ಪಾತ್ರೆಯ ಗಂಜಿ ಹಂಚಿಕೊಂಡರು. ನಗಾತಾದ ತಾಕಾತೊರಿ ಇಗರ್ಜಿಯ ಆವರಣದಲ್ಲಿ ಹಲವು ಭಾಷೆಗಳ ಪುಟ್ಟ ರೇಡಿಯೋ ಕೇಂದ್ರವೊಂದು ಹುಟ್ಟಿತು: ನೀರು ಎಲ್ಲಿ, ಡಾಕ್ಟರು ಎಲ್ಲಿ ಎಂದು ಅವರವರ ಭಾಷೆಯಲ್ಲೇ ಹೇಳಲು. ಎಪ್ಪತ್ತೆರಡು ವರ್ಷದಲ್ಲಿ ಕಾಲ ಬದಲಾಗಿತ್ತು ನಿಜ. ಆದರೆ ಪಕ್ಕದ ಮನೆಯವನ ಹೆಸರು ಗೊತ್ತಿದ್ದ ಕಡೆ ಅವನ ಬಗ್ಗೆ ಸುಳ್ಳು ಸುದ್ದಿ ನಂಬುವುದು ಕಷ್ಟ ಎಂಬುದೂ ಅಷ್ಟೇ ನಿಜ. ಹತ್ತೂರ ಜನ ಒಂದು ಪೇಟೆಯಲ್ಲಿರುವುದರ ನಿಜವಾದ ಲಾಭ ತಿಂಡಿ-ತಿನಿಸಿನ ವೈವಿಧ್ಯವಲ್ಲ, ಇದು.

ಹೋದವರು, ಮರಳಿದವರು

ಕೋಬೆ ಬಂದವರ ಊರು ಮಾತ್ರವಲ್ಲ, ಹೋದವರ ಊರೂ ಹೌದು. 1908ರ ಏಪ್ರಿಲ್ 28ರಂದು 'ಕಸಾತೊ ಮಾರು' ಎಂಬ ಹಡಗು 781 ಜಪಾನಿ ಕೂಲಿಗಳನ್ನು ಹೊತ್ತು ಇಲ್ಲಿಂದ ಬ್ರೆಜಿಲ್‌ಗೆ ಹೊರಟಿತು. ಕಾಫಿ ತೋಟಗಳಲ್ಲಿ ದುಡಿಯಲು ಹೋದವರು. ನಂತರ ಹೋದವರನ್ನು ಹಡಗು ಹತ್ತುವ ಮೊದಲು ತಂಗಿಸಿ, ತಪಾಸಣೆ ಮಾಡಿ, ಪೋರ್ಚುಗೀಸ್ ಕಲಿಸಲು 1928ರಲ್ಲಿ ಕಟ್ಟಿದ ಕಟ್ಟಡ ಕಿತಾನೊ ಹತ್ತಿರವೇ ಇದೆ. ಈಗ ಅದು ವಲಸೆಯ ಮ್ಯೂಸಿಯಂ. 1990ರಲ್ಲಿ ಕಾನೂನು ಬದಲಾದ ಮೇಲೆ ಆ ಕೂಲಿಗಳ ಮೊಮ್ಮಕ್ಕಳು ಕಾರ್ಖಾನೆ ಕೆಲಸಕ್ಕೆ ಜಪಾನಿಗೆ ಮರಳಿದರು. ಗುನ್ಮಾದ ಒಯಿಝುಮಿ ಎಂಬ ಚಿಕ್ಕ ಪಟ್ಟಣದಲ್ಲಿ ಈಗ ಸುಮಾರು ಐವರಲ್ಲಿ ಒಬ್ಬರು ವಿದೇಶೀಯರು. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ಸರ್ಕಾರ ಕೆಲಸ ಕಳೆದುಕೊಂಡವರಿಗೆ ತಲೆಗೆ 3 ಲಕ್ಷ ಯೆನ್ ಕೊಟ್ಟು ಊರಿಗೆ ಹೊರಡಿ ಎಂದಿತು. ಹಲವರು ಹೋದರು, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿ, ಮನೆ ಕೊಂಡವರಲ್ಲಿ ಬಹಳಷ್ಟು ಜನ ಉಳಿದರು.

ನಮ್ಮ ನಾಡಿನಲ್ಲಿ ಇದಕ್ಕೆ ಹೋಲಿಕೆ ಬೇಕೆಂದರೆ ಕೋಲಾರದ ಚಿನ್ನದ ಗಣಿ ನೋಡಿ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ತೆಗೆಯಿತು. ಇಂಗ್ಲಿಷರು, ಆಂಗ್ಲೋ-ಇಂಡಿಯನ್ನರು, ತಮಿಳರು, ತೆಲುಗರು, ಕನ್ನಡಿಗರು ಸೇರಿದ ಪೇಟೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಬಂದ ಜಾಗ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂದು ಅಲ್ಲಿನವರು ಬೆಳಗಾದರೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಊರಿಗೆ ಇದ್ದ ಕಾರಣ ಒಂದೇ, ಅದು ಹೋದಾಗ ಎಲ್ಲ ಕುಸಿಯಿತು. ಕೋಬೆಯಲ್ಲಿ ಹತ್ತಿ ಹೋದಾಗ ಬಟ್ಟೆ, ಬಟ್ಟೆ ಹೋದಾಗ ರೇಡಿಯೋ, ಅದೂ ಹೋದಾಗ ಮುತ್ತು ಬಂತು. ಅದಕ್ಕಿಂತ ಮುಖ್ಯವಾಗಿ, ದುಡಿಮೆಯ ಕಾರಣಕ್ಕೆ ಬಂದವರಿಗೆ ಎರಡನೆಯ ಕಾರಣವೊಂದು ಬೆಳೆಯಿತು: ಶಾಲೆ, ಗುಡಿ, ನೆರೆಹೊರೆ. ಒಂದೇ ಕಾರಣಕ್ಕೆ ಬಂದವರು ಆ ಕಾರಣ ತೀರಿದ ದಿನ ಹೊರಡುತ್ತಾರೆ. ಉಳಿದವರು ಎರಡನೆಯ ಕಾರಣ ಕಟ್ಟಿಕೊಂಡವರು. ಇದು ನಾನು ಈ ಊರಿನ ಹಿಸ್ಟರಿಯಿಂದ ಕಂಡುಕೊಂಡದ್ದು.

ಕೋಬೆಯ ಹಿಂದಿನ ಫುತಾತಾಬಿ ಬೆಟ್ಟದ ಮೇಲೆ ವಿದೇಶೀಯರ ಸ್ಮಶಾನವಿದೆ. ಸುಮಾರು 60 ದೇಶಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಮಲಗಿದ್ದಾರೆ. ಕಲ್ಲಿನ ಮೇಲೆ ಹೆಸರು, ಹುಟ್ಟಿದ ಊರು, ಸತ್ತ ದಿನ. ಹಾರ್ಟ್‌ನಂಥ ಇಂಜಿನಿಯರ ಕಾಲದಿಂದ ಯಾರ್ಯಾರು ಬಂದಿದ್ದರೆಂದು ಅದನ್ನು ಓದಿಯೇ ತಿಳಿಯಬಹುದು. ಹಿಂದೂಗಳಾದ ನಾವು ಸುಟ್ಟು, ಬೂದಿಯನ್ನು ನೀರಿಗೆ ಬಿಡುವವರು. ನಮ್ಮವರ ಹೆಸರಿಗೆ ಕಲ್ಲಿಲ್ಲ. ನಮ್ಮಂಥವರ ಇತಿಹಾಸ ಉಳಿಯಬೇಕಾದರೆ ಅದು ಕಾಗದದ ಮೇಲೆಯೇ ಉಳಿಯಬೇಕು.

ಜಪಾನಿನಲ್ಲಿ ಇಂದು ಸುಮಾರು 50,000 ಭಾರತೀಯರಿದ್ದಾರೆ. ಅವರಲ್ಲಿ ಕನ್ನಡಿಗರು ಎಷ್ಟು, ಮೊದಲು ಬಂದವರು ಯಾವ ಊರಿನವರು, ಯಾವ ವರ್ಷ ಬಂದರು, ಯಾರ ಮನೆಯಲ್ಲಿ ಮೊದಲ ಯುಗಾದಿ ಊಟ ನಡೆಯಿತು ಎಂಬುದು ಯಾವ ಸರ್ಕಾರದ ಲೆಕ್ಕದಲ್ಲೂ ಸಿಗುವುದಿಲ್ಲ. ಅದು ನಮ್ಮ ತಲೆಯಲ್ಲಿದೆ, ಅಷ್ಟೆ. ನಮ್ಮ ಬಳಗದಲ್ಲಿ ಪ್ರತಿ ವರ್ಷ ಕೆಲವು ಕುಟುಂಬಗಳು ಅಮೆರಿಕಕ್ಕೋ, ಸಿಂಗಪುರಕ್ಕೋ, ಊರಿಗೋ ಹೊರಡುತ್ತವೆ, ಹೊಸಬರು ಬರುತ್ತಾರೆ. ಹೋದವರ ಹೆಸರು ಎರಡು ವರ್ಷದಲ್ಲಿ ಮರೆತುಹೋಗುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ಪ್ರತಿ ಕುಟುಂಬವೂ ಒಂದೇ ಒಂದು ಹಾಳೆ ಬರೆಯಲಿ. ನಮ್ಮ ಊರು ಯಾವುದು, ಯಾವ ವರ್ಷ ಏಕೆ ಬಂದೆವು, ಮೊದಲು ಯಾರು ನೆರವಾದರು, ಮಕ್ಕಳು ಎಲ್ಲಿ ಓದಿದರು, ಮನೆಯಲ್ಲಿ ಯಾವ ಭಾಷೆ ಉಳಿದಿದೆ. ಹೊರಡುವವರು ಹೊರಡುವ ವರ್ಷವನ್ನೂ ಸೇರಿಸಲಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮನೆಮಾತಿನವರು ಅದನ್ನು ತಪ್ಪದೆ ಬರೆಯಲಿ. ನಮ್ಮ ಪುಟ್ಟ ಬಳಗವೂ ಒಂದು ಕಿತಾನೊವೇ. ಬರುವ ರಾಜ್ಯೋತ್ಸವದ ದಿನ ಹಾಳೆಗಳನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟರೆ ಒಂದು ಫೈಲಿನಲ್ಲಿ ಜೋಪಾನವಾಗಿ ಇಡಬಹುದು. ಅಚ್ಚು ಹಾಕುವುದು ಬೇಡ, ಯಾರಿಗೂ ತೋರಿಸುವುದು ಬೇಡ, ಇದ್ದರೆ ಸಾಕು.

ಮತ್ತು ಮಕ್ಕಳಿಗೆ ರಜೆ ಬಂದಾಗ ಡಿಸ್ನಿಲ್ಯಾಂಡ್ ಒಂದು ಸಲ ತಪ್ಪಿದರೂ ಪರವಾಗಿಲ್ಲ, ಕೋಬೆಗೆ ಕರೆದುಕೊಂಡು ಹೋಗಿ. ಸನ್ನೊಮಿಯಾದಿಂದ ಏರು ಸ್ವಲ್ಪ ಕಡಿದು. ಮಂಡಿ ನೋವಿರುವವರು ನಿಧಾನವಾಗಿ ಹತ್ತಿ.